ಹಸಿ ಸುಳ್ಳು, ಹಸಿ ಕೊಬ್ಬರಿ, ಹಸಿ ಬರ

(ತಾಲ್ಲೂಕು ಗ್ರಂಥಾಲಯವೊಂದರ ಸಭಾಂಗಣದಲ್ಲಿ ಆಡಿದ ಮಾತುಗಳ ಬರಹ ರೂಪ. ಕೇಳುಗರು ನಡುನಡುವೆ ಹೇಳಿದ್ದನ್ನೂ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಭಾಷಾವಿಜ್ಞಾನಿ ಅಲ್ಲ. ಪತ್ರಿಕೆಯೊಂದರಲ್ಲಿ ಬಹಳ ವರ್ಷ ಕರಡು ತಿದ್ದಿದವನು. ಬೇರೆಯವರ ತಪ್ಪು ಹುಡುಕಿ ಸಂಬಳ ತಗೊಂಡವನು. ಆದರೆ ಇವತ್ತಿನ ಮಾತು ಶುರುವಾಗುವುದು ನನ್ನದೇ ಒಂದು ತಪ್ಪಿನಿಂದ.

ರಾತ್ರಿ ಹನ್ನೊಂದು ಗಂಟೆ. ಪುಟ ಪ್ರೆಸ್ಸಿಗೆ ಹೋಗುವ ಹೊತ್ತು. ಉತ್ತರ ಕರ್ನಾಟಕದ ವರದಿಗಾರರೊಬ್ಬರ ಸುದ್ದಿ ಕೈಗೆ ಬಂತು. ತಲೆಬರಹ, 'ಹಸಿ ಬರ ಘೋಷಣೆಗೆ ರೈತರ ಆಗ್ರಹ'. ಹಸಿ ಬರ ಅಂದರೇನು? ಪಾಪ, ಅವಸರದಲ್ಲಿ 'ರು' ಬಿಟ್ಟುಹೋಗಿದೆ ಅಂದುಕೊಂಡೆ. 'ಹಸಿರು ಬರ' ಅಂತ ತಿದ್ದಿ ಕಳಿಸಿದೆ. ಬೆಳಿಗ್ಗೆ ಏಳಕ್ಕೇ ಫೋನ್. "ಏನ್ರೀ ಸರ್, ಹೊಲದಾಗ ಮೊಣಕಾಲಮಟ ನೀರು ನಿಂತೈತಿ. ತೊಗರಿ ಕೊಳ್ತು ಹೋಗೈತಿ. ನೀವು ಹಸಿರು ಅಂತೀರಲ್ರೀ!"

ಆಮೇಲೆ ಗೊತ್ತಾಯಿತು. ಮಳೆ ಬಾರದೆ ಬೆಳೆ ಒಣಗಿದರೆ ಬರ. ಮಳೆ ಜಾಸ್ತಿಯಾಗಿ ಬೆಳೆ ಕೊಳೆತರೂ ರೈತನ ಮನೆಗೆ ಬರುವ ಕಾಳು ಸೊನ್ನೆಯೇ. ಅದಕ್ಕೆ ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯವರು ಹಸಿ ಬರ ಅನ್ನುತ್ತಾರೆ. ಹಸಿರು ಬರ ಬೇರೆಯದೇ. 2023ರಲ್ಲಿ ಮುಂಗಾರು ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಆಗ ಈ ಮಾತು ತುಂಬಾ ಕೇಳಿಬಂತು. ಅಲ್ಲೊಂದು ಇಲ್ಲೊಂದು ಹನಿ ಬಿದ್ದು ಹೊಲ ನೋಡಲು ಹಸಿರು. ಹತ್ತಿರ ಹೋಗಿ ತೆನೆ ಹಿಸುಕಿದರೆ ಕಾಳಿಲ್ಲ. ಹೀಗೆ ಒಂದು 'ರು' ಸೇರಿಸಿ ನಾನು ನೆರೆಯನ್ನು ಅನಾವೃಷ್ಟಿ ಮಾಡಿಬಿಟ್ಟಿದ್ದೆ.

ಅವತ್ತಿನಿಂದ 'ಹಸಿ' ಅನ್ನುವ ಪದ ಎಲ್ಲೇ ಕಂಡರೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದೆ. ಅದನ್ನೇ ಇವತ್ತು ನಿಮ್ಮ ಮುಂದೆ ಬಿಚ್ಚುತ್ತಿದ್ದೇನೆ.

ಹಸಿ ಅಂದರೆ ಏನು ಅಂತ ಕೇಳಿದರೆ ಹೆಚ್ಚಿನವರು 'ಒದ್ದೆ' ಅನ್ನುತ್ತಾರೆ. ನೋಡೋಣ. ಬಕೆಟ್ಟಿನಿಂದ ತೆಗೆದ, ನೀರು ಸೋರುತ್ತಿರುವ ಪಂಚೆ ಒದ್ದೆ. ಅದನ್ನೇ ಹಿಂಡಿ, ತಂತಿ ಮೇಲೆ ಹಾಕಿ, ಸಂಜೆ ಸೊಂಟದ ಹತ್ತಿರದ ಮಡಿಕೆ ಮುಟ್ಟಿ ನೋಡಿ ಅಮ್ಮ ಏನು ಹೇಳುತ್ತಾಳೆ? "ಇನ್ನೂ ಹಸಿ ಇದೆ ಕಣೋ, ಇರಲಿ ಬಿಡು." ಬೆಳಿಗ್ಗೆ ಒದ್ದೆ, ಸಂಜೆ ಹಸಿ. ನೀರು ಎಷ್ಟಿದೆ ಅನ್ನುವುದು ಒದ್ದೆಯ ಲೆಕ್ಕ. ಒಣಗುವ ಕೆಲಸ ಮುಗಿದಿಲ್ಲ ಅನ್ನುವುದು ಹಸಿಯ ಲೆಕ್ಕ. ಆ 'ಇನ್ನೂ' ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ. ನನ್ನ ನೋಟ್‌ಬುಕ್ಕಿನಲ್ಲಿ ಹಸಿಯ ಪಕ್ಕದಲ್ಲಿ ಅತಿ ಹೆಚ್ಚು ಸಲ ಬಂದು ಕೂತಿರುವ ಪದ ಅದೇ.

ಇನ್ನು ಕೆಲವರು ಹಸಿ ಅಂದರೆ ಹಸಿರು ಅನ್ನುತ್ತಾರೆ. ಹಸಿಮೆಣಸಿನಕಾಯಿ ಹಸಿರಾಗಿದೆಯಲ್ಲ, ಅದಕ್ಕೆ. ಆದರೆ ಬೆಳಗಾವಿ, ಧಾರವಾಡದ ಕಡೆ ರಂಜಕ ಮಾಡುತ್ತಾರೆ. ಅದಕ್ಕೆ ಬೇಕಾಗುವುದು ಗಿಡದಲ್ಲೇ ಹಣ್ಣಾಗಿ ಕೆಂಪಗಾದ, ಆದರೆ ಒಣಗಿಸದ ಮೆಣಸಿನಕಾಯಿ. ಅಂಗಡಿಯಲ್ಲಿ ಹೇಗೆ ಕೇಳುತ್ತಾರೆ? 'ಹಸಿ ಕೆಂಪು ಮೆಣಸಿನಕಾಯಿ'. ಬಣ್ಣ ಕೆಂಪು, ಆದರೂ ಹಸಿ. ಅಂದರೆ ಬಣ್ಣದ ಮಾತೂ ಅಲ್ಲ ಇದು. ಬಿಸಿಲಿಗೆ ಬೀಳದಿದ್ದರೆ ಸಾಕು, ಹಸಿ.

ಹಾಗಾದರೆ ಏನು? ಉತ್ತರ ಅಡುಗೆಮನೆಯಲ್ಲಿದೆ ಅಂತ ನನ್ನ ನಂಬಿಕೆ.

ನಾನು ಮೊದಲ ಸಲ ಊರು ಬಿಟ್ಟು ರೂಮ್ ಮಾಡಿದಾಗ ಅಮ್ಮನಿಗೆ ಫೋನ್ ಮಾಡಿ ಹುಳಿ ಮಾಡುವುದು ಕಲಿತೆ. ಬೇಳೆ ಆಯಿತು, ತರಕಾರಿ ಆಯಿತು, ರುಬ್ಬಿದ ಮಸಾಲೆ ಹಾಕಿಯೂ ಆಯಿತು. "ಈಗ ಹಸಿ ವಾಸನೆ ಹೋಗೋವರೆಗೆ ಕುದಿಸು."

"ಹೋಯ್ತು ಅಂತ ಹೇಗೆ ಗೊತ್ತಾಗುತ್ತೆ?"

"ಹೋದಾಗ ಗೊತ್ತಾಗುತ್ತೆ."

"ಎಷ್ಟು ನಿಮಿಷ ಅಮ್ಮ?"

"ನಿಮಿಷ ಅಲ್ವೋ, ಮೂಗು."

ನಾನು ಪಾತ್ರೆ ಮೇಲೆ ಬಗ್ಗಿ ನಿಂತೆ. ಮೊದಲು ಮೂಗಿಗೆ ಬರುವುದು ಬೇರೆ ಬೇರೆ ವಾಸನೆ. ಕೊತ್ತಂಬರಿ ಬೀಜದ್ದು ಒಂದು, ಕಾಯಿಯದ್ದು ಒಂದು, ಹುಣಸೆಯದ್ದು ಇನ್ನೊಂದು. ಒಬ್ಬರನ್ನೊಬ್ಬರು ಮಾತಾಡಿಸದ ನೆಂಟರ ಹಾಗೆ. ಕುದಿಯುತ್ತಾ ಕುದಿಯುತ್ತಾ ಯಾವುದೋ ಒಂದು ಕ್ಷಣದಲ್ಲಿ ಎಲ್ಲ ಸೇರಿ ಹುಳಿಯ ವಾಸನೆ ಆಗಿಬಿಡುತ್ತದೆ. ಆ ಕ್ಷಣಕ್ಕೆ ಕನ್ನಡದಲ್ಲಿ ಇರುವ ಹೆಸರು 'ಹಸಿ ವಾಸನೆ ಹೋಯಿತು'. ಉಪ್ಪಿಟ್ಟಿಗೆ ರವೆ ಹುರಿಯುವಾಗ, ಲಾಡಿಗೆ ಕಡಲೆಹಿಟ್ಟು ತುಪ್ಪದಲ್ಲಿ ಬಾಡಿಸುವಾಗ, ಬೆಳ್ಳುಳ್ಳಿ ಶುಂಠಿ ಎಣ್ಣೆಗೆ ಬಿದ್ದಾಗ, ಎಲ್ಲೆಲ್ಲೂ ಇದೇ ಮಾತು. ಅಡುಗೆ ಬರುವವರನ್ನೂ ಬಾರದವರನ್ನೂ ಬೇರೆ ಮಾಡುವ ಗೆರೆ ಇದು ಅನ್ನಬಹುದು.

ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಶಿರಸಿ ಕಡೆಯ ಹಿರಿಯರೊಬ್ಬರು ಕೈ ಎತ್ತಿದರು. "ನಮ್ಮಲ್ಲಿ ಹಶಿ ಅಂತ ಅಡುಗೆಯೇ ಇದೆಯಲ್ಲ." ಸರಿಯಾದ ಮಾತು. ಸೌತೆಕಾಯಿ ಹೆಚ್ಚಿ, ಕಾಯಿ ರುಬ್ಬಿ ಹಾಕಿ, ಮೊಸರು ಬೆರೆಸಿ, ಒಗ್ಗರಣೆ ಕೊಟ್ಟರೆ ಹಶಿ. ನನಗೆ ಇಷ್ಟವಾದದ್ದು ಏನೆಂದರೆ, ಅವರು ಬೆಂಡೆಕಾಯಿಯ ಹಶಿಯನ್ನೂ ಮಾಡುತ್ತಾರೆ. ಬೆಂಡೆಕಾಯಿಯನ್ನು ಚೆನ್ನಾಗಿ ಹುರಿದೇ ಹಾಕುತ್ತಾರೆ. ಆದರೂ ಅದು ಹಶಿಯೇ. ಯಾಕೆ? ಮೊಸರು, ಕಾಯಿ ಸೇರಿದ ಮೇಲೆ ಮತ್ತೆ ಒಲೆ ಮೇಲೆ ಇಡುವುದಿಲ್ಲ. ಮೈಸೂರು ಕಡೆಯ ಹಸಿ ಗೊಜ್ಜಿನ ಕಥೆಯೂ ಇದೇ. ಮಾಡಿದ್ದು ಕುದಿ ಕಾಣದಿದ್ದರೆ ಹಸಿ.

ಹಾಗಾಗಿ ನನ್ನ ಲೆಕ್ಕ ಇಷ್ಟು. ಹಸಿ ಅಂದರೆ ಇನ್ನೂ ಯಾವುದೂ ಮುಟ್ಟಿಲ್ಲದ್ದು. ಬೆಂಕಿ ಮುಟ್ಟದ ಹಾಲು ಹಸಿಹಾಲು, ನಾಗರಪಂಚಮಿಗೆ ಹುತ್ತಕ್ಕೆ ಎರೆಯುವುದು ಅದನ್ನೇ. ಬಿಸಿಲು ಮುಟ್ಟದ ಶುಂಠಿ ಹಸಿಶುಂಠಿ. ಆವಿಗೆಗೆ ಹೋಗದ ಇಟ್ಟಿಗೆ ಹಸಿ ಇಟ್ಟಿಗೆ. ಗಾಳಿ ಆಡದ ಸೌದೆ ಹಸಿಸೌದೆ, ಅದನ್ನು ಒಲೆಗಿಟ್ಟು ಊದಿದವರಿಗೆ ಗೊತ್ತು, ಅದು ಉರಿಯುವುದಿಲ್ಲ, ಕಣ್ಣನ್ನು ಉರಿಸುತ್ತದೆ. ಬೆಂಗಳೂರು ಕರಗ ನೋಡಿದವರು ಇಲ್ಲಿದ್ದೀರಿ. ಚೈತ್ರ ಹುಣ್ಣಿಮೆಯ ರಾತ್ರಿಯ ಕರಗಕ್ಕೆ ಎರಡು ದಿನ ಮುಂಚೆ ಹಸಿ ಕರಗ ಬರುತ್ತದೆ. ಹಸಿ ಮಣ್ಣಿನದು, ಸುಡದ್ದು. ಸಂಪಂಗಿ ಕೆರೆಯ ನಂಟಿನದು. ಆ ಕೆರೆಯ ಬಹುಪಾಲು ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣ ನಿಂತಿದೆ. ಕೆರೆ ಒಣಗಿಹೋದರೂ ಹೆಸರಿನಲ್ಲಿ ಹಸಿ ಉಳಿದಿದೆ ನೋಡಿ.

ನಮ್ಮ ತಿಪಟೂರು ಕಡೆಯವರಿಗೆ ನಗು ಬರುವ ಮಾತೊಂದಿದೆ. ಉತ್ತರ ಕರ್ನಾಟಕದವರು 'ಹಸಿ ಕೊಬ್ಬರಿ' ಅನ್ನುತ್ತಾರೆ. ನಮಗೆ ಕೊಬ್ಬರಿ ಅಂದರೇ ಒಣಗಿದ್ದು. ಹಸಿಯಾಗಿದ್ದರೆ ಅದು ಕಾಯಿ, ಕೊಬ್ಬರಿ ಹೇಗಾಗುತ್ತದೆ? 'ಬೆಂದ ಅಕ್ಕಿ' ಅಂದ ಹಾಗೆ ಕೇಳಿಸುತ್ತದೆ. ಆದರೆ ಅವರ ಊರಿಗೆ ತೆಂಗು ಬರುತ್ತಿದ್ದದ್ದೇ ಜಾಸ್ತಿ ಒಣಗಿದ ರೂಪದಲ್ಲಿ ಇರಬೇಕು. ಮೊದಲು ಬಂದದ್ದಕ್ಕೆ ಬರೀ ಹೆಸರು, ಆಮೇಲೆ ಬಂದದ್ದಕ್ಕೆ ವಿಶೇಷಣ. ಇದು ನನ್ನ ಊಹೆ ಅಷ್ಟೇ. ನೀವು ಒಪ್ಪಬೇಕಾಗಿಲ್ಲ.

ಈಗ ವಸ್ತುಗಳನ್ನು ಬಿಟ್ಟು ಮನುಷ್ಯರ ಕಡೆ ಬರೋಣ.

ಹಸಿಬಾಣಂತಿ ಅನ್ನುತ್ತೇವೆ. 'ಎಳೆ' ಬಾಣಂತಿ ಅನ್ನುವುದಿಲ್ಲ. ಎಳೆ ಮತ್ತು ಹಸಿ ಒಂದೇ ಅಂತ ನಾನೂ ಅಂದುಕೊಂಡಿದ್ದೆ. ಆದರೆ ನೋಡಿ, ಎಳೆಸೌತೆ, ಎಳೆನೀರು, ಎಳೆಬಿಸಿಲು. ಎಳೆ ಅನ್ನುವುದು ಆ ವಸ್ತುವಿನ ಸ್ವಂತ ವಯಸ್ಸು. ಬಾಣಂತಿಗೆ ಮೂವತ್ತೈದು ವರ್ಷ ಆಗಿರಬಹುದು. ಆದರೆ ಹೆರಿಗೆಯಾಗಿ ಮೂರೇ ದಿನ. ಹಸಿ ಎಣಿಸುವುದು ಆ ಮೂರು ದಿನವನ್ನು. ಅವಳ ಮೈಗೆ ಏನೋ ಆಗಿದೆ, ಅದು ಇನ್ನೂ ಆರಿಲ್ಲ. ಅದಕ್ಕೇ 'ಹಸಿಮೈ, ತಣ್ಣೀರು ಮುಟ್ಟಬೇಡ' ಅನ್ನುವ ಅಜ್ಜಿಯ ಗದರಿಕೆ.

ಗಾಯವೂ ಹಾಗೆಯೇ. ಹಸಿಗಾಯ. ಸಾವಾದ ಮನೆಗೆ ಹೋಗಿ ಬಂದವರು 'ಇನ್ನೂ ಹಸಿ ಇದೆ, ಈಗಲೇ ಆಸ್ತಿ ಮಾತು ಎತ್ತಬೇಡಿ' ಅನ್ನುವುದನ್ನು ಕೇಳಿದ್ದೇನೆ. ಏನು ಹಸಿ ಅಂತ ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಒಳ್ಳೆಯ ನೆನಪಿಗೆ ನಾವು 'ಇನ್ನೂ ಹಸಿರಾಗಿದೆ' ಅನ್ನುತ್ತೇವೆ. ನೋವಿಗೆ 'ಇನ್ನೂ ಹಸಿಯಾಗಿದೆ' ಅನ್ನುತ್ತೇವೆ. ಸ್ಕೂಲಿನ ದಿನಗಳು ಹಸಿರು, ಅಣ್ಣ ಹೋದದ್ದು ಹಸಿ. ಯಾರೂ ಕಲಿಸದೆ ಎಲ್ಲರೂ ಸರಿಯಾಗಿ ಬಳಸುತ್ತೇವೆ. ಕರಡು ತಿದ್ದುವಾಗ ಇದು ಅದಲುಬದಲಾಗಿ ಬಂದದ್ದು ನಾನಂತೂ ನೋಡಿಲ್ಲ. ಅದಲುಬದಲು ಮಾಡಿದವನು ನಾನೊಬ್ಬನೇ, ಅದೂ ಬರದ ಸುದ್ದಿಯಲ್ಲಿ.

ಹಸಿ, ಹಸಿರು ಎರಡೂ ಒಂದೇ ಬೇರಿನ ಚಿಗುರುಗಳು. ಹಳಗನ್ನಡದಲ್ಲಿ ಪಸಿ, ಪಸಿರ್. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಸಿ ಹಸಿಯಾಯಿತು. ಪಚ್ಚೆಯೂ ಇದೇ ಮನೆಯದು. ಕೆಲವು ಕಡೆ ಪಚ್ಚೆ ಹಾಗೇ ಉಳಿಯಿತು, ಪಚ್ಚೆಕಲ್ಲು, ಪಚ್ಚಕರ್ಪೂರ. ಕೆಲವು ಕಡೆ ಹಚ್ಚೆ ಆಯಿತು. ಹಚ್ಚೆ ಅಂದರೆ ಮೈಮೇಲೆ ಚುಚ್ಚಿಸಿಕೊಳ್ಳುವುದು. ಅಜ್ಜಿಯರ ಮುಂಗೈ ನೋಡಿದ್ದೀರಲ್ಲ, ಆ ಹಸಿರು ಚುಕ್ಕಿಗಳೇ ಹೆಸರಿಗೆ ಕಾರಣ. ತಮಿಳಿನಲ್ಲಿ ಅದಕ್ಕೆ 'ಪಚ್ಚೈ ಕುತ್ತುವುದು', ತೆಲುಗಿನಲ್ಲಿ 'ಪಚ್ಚಬೊಟ್ಟು'. 'ಹಚ್ಚ ಹಸಿರು' ಅನ್ನುವಾಗ ನಾವು ಒಂದೇ ಪದವನ್ನು ಎರಡು ವೇಷದಲ್ಲಿ ಎರಡು ಸಲ ಹೇಳುತ್ತಿದ್ದೇವೆ. ಹಸುಗೂಸು, ಹಸುಳೆ ಕೂಡ ಇದೇ ಬಳಗ. ಚಿಕ್ಕವನಿದ್ದಾಗ ಹಸುಗೂಸು ಅಂದರೆ ಕರು ಅಂದುಕೊಂಡಿದ್ದೆ. ಹಸುವಿನ ಕೂಸಲ್ಲವೇ? ಅಲ್ಲ. ಹಸು ಬಂದದ್ದು ಸಂಸ್ಕೃತದ ಪಶುವಿನಿಂದ. ಸುಮ್ನೆ ಬಾಗಿಲಲ್ಲಿ ಬಂದು ನಿಂತ ಹೊರಗಿನ ಹಸು ಅದು, ಈ ಮನೆಯದಲ್ಲ.

ಸರಿ, ಸುಳ್ಳಿಗೆ ಬರೋಣ. ನೀವೆಲ್ಲ ಅದಕ್ಕೇ ಕಾಯುತ್ತಿದ್ದೀರಿ ಅಂತ ಗೊತ್ತು.

ಹಸಿ ಸುಳ್ಳು. ಇದು ನಮ್ಮೊಬ್ಬರದೇ ಅಲ್ಲ. ತಮಿಳಿನಲ್ಲಿ ಪಚ್ಚೈ ಪೊಯ್. ತೆಲುಗಿನಲ್ಲಿ ಪಚ್ಚಿ ಅಬದ್ಧಂ. ಮಲಯಾಳದಲ್ಲಿ ಪಚ್ಚಕ್ಕಳ್ಳಂ. ನಾಲ್ಕೂ ಭಾಷೆಯವರು ಸೇರಿ ಸುಳ್ಳಿಗೆ ಒಂದೇ ಹೆಸರಿಟ್ಟಿದ್ದಾರೆ. ನದಿ ನೀರಿನ ವಿಷಯದಲ್ಲಿ ಇಷ್ಟು ಒಮ್ಮತ ಇದ್ದಿದ್ದರೆ ಚೆನ್ನಾಗಿತ್ತು. (ನಗು.)

ಆದರೆ ಸುಳ್ಳು ಹಸಿ ಯಾಕೆ? ಮಲಯಾಳಿಗಳ ಇನ್ನೊಂದು ಪದ ನನಗೆ ದಾರಿ ತೋರಿಸಿತು. ಕುದಿಸದ, ಏನೂ ಬೆರೆಸದ ಬರೀ ನೀರಿಗೆ ಅವರು 'ಪಚ್ಚವೆಳ್ಳಂ' ಅನ್ನುತ್ತಾರೆ. ಹಸಿನೀರು. ಅಂದರೆ ಬರೀ ನೀರು, ಮತ್ತೇನೂ ಇಲ್ಲ. ಈ ಕಣ್ಣಿನಿಂದ ಹಸಿ ಸುಳ್ಳನ್ನು ನೋಡಿ. ಪಳಗಿದವರು ಸುಳ್ಳು ಹೇಳುವಾಗ ಅಡುಗೆ ಮಾಡುತ್ತಾರೆ. ಅರ್ಧ ನಿಜ ಬೆರೆಸುತ್ತಾರೆ, ಉಪ್ಪುಖಾರ ಹಚ್ಚುತ್ತಾರೆ, ಸಾಕ್ಷಿಗೆ ಇನ್ನೊಬ್ಬರ ಹೆಸರಿನ ಒಗ್ಗರಣೆ ಕೊಡುತ್ತಾರೆ. ತಿಂದವರಿಗೆ ಸಂಜೆಯವರೆಗೆ ಗೊತ್ತಾಗುವುದಿಲ್ಲ. ಹಸಿ ಸುಳ್ಳು ಹಾಗಲ್ಲ. ಹೊಲದಿಂದ ಕಿತ್ತು ಮಣ್ಣಿನ ಸಮೇತ ಎಲೆಗೆ ಹಾಕಿದ್ದು. ಬೇಯಿಸುವ ಕಷ್ಟವನ್ನೂ ಅವನು ತಗೊಂಡಿಲ್ಲ. ಹಸಿ ಸುಳ್ಳಿಗೆ ನಮಗೆ ಬರುವ ಕೋಪ ಬೇರೆ ಥರದ್ದು, ಅಲ್ವಾ? ಮೋಸ ಹೋದ ಕೋಪವಲ್ಲ ಅದು. 'ಇವನು ನನ್ನನ್ನು ಏನಂದುಕೊಂಡಿದ್ದಾನೆ' ಅನ್ನುವ ಕೋಪ. ಊಟಕ್ಕೆ ಕರೆದು ಅಕ್ಕಿ ಬಡಿಸಿದ ಹಾಗೆ.

ಇದರ ಎದುರು ಪದವನ್ನೂ ಸ್ವಲ್ಪ ನೋಡಬೇಕು. ಹಸಿಗೆ ಎದುರು ಒಣ. ಒಣಜಂಬ, ಒಣವೇದಾಂತ, ಒಣಹರಟೆ. ಒಳಗೆ ಸಾರವಿಲ್ಲ, ಸಿಪ್ಪೆ ಮಾತ್ರ ಇದೆ ಅನ್ನುವಾಗ ಒಣ. ಹಾಗಾದರೆ 'ಒಣ ಸುಳ್ಳು' ಯಾಕಿಲ್ಲ? ಹಸಿ ಸುಳ್ಳಿನಲ್ಲಿ ರಸಕ್ಕೇನೂ ಕೊರತೆ ಇಲ್ಲ, ಅದಕ್ಕಿರಬೇಕು. 'ಹಸಿ ಜಂಬ'ವೂ ಇಲ್ಲ. ಜಂಬ ಯಾವಾಗಲೂ ಒಣಗಿದ ಮೇಲೇ ಸದ್ದು ಮಾಡುವುದು.

ಸಿನಿಮಾ ಪುಟದ 'ಹಸಿಬಿಸಿ ದೃಶ್ಯ'ದ ಬಗ್ಗೆ ಹೇಳಿ ಅಂತ ಒಬ್ಬ ಹುಡುಗ ಚೀಟಿ ಕಳಿಸಿದ. ಹೇಳುವುದು ಹೆಚ್ಚಿಲ್ಲ. ಅಲ್ಲಿ ಹಸಿ ಅಂದರೆ ಮರೆಮಾಚದೆ ತೋರಿಸಿದ್ದು, ಬಿಸಿ ಏನೆಂದು ನಿನಗೇ ಗೊತ್ತು. ಪ್ರಾಸ ಚೆನ್ನಾಗಿದೆ ಅನ್ನುವ ಒಂದೇ ಕಾರಣಕ್ಕೆ ಬದುಕಿರುವ ಪದ ಅದು.

ಅದಕ್ಕಿಂತ ನನಗೆ ಇಷ್ಟವಾದದ್ದು ಗೋಡೆಯ ಗಾದೆ. 'ಹಸಿಗೋಡೆಯಲ್ಲಿ ಹರಳು ನೆಟ್ಟಂತೆ.' ಮಣ್ಣಿನ ಗೋಡೆ ಮೆತ್ತಿ ಇನ್ನೂ ಆರದಿರುವಾಗ ಸಣ್ಣ ಕಲ್ಲು ಒತ್ತಿದರೆ ಅದು ಹಾಗೇ ಕೂತುಬಿಡುತ್ತದೆ. ಗೋಡೆ ಒಣಗಿದ ಮೇಲೆ ತೆಗೆಯಲು ಆಗುವುದಿಲ್ಲ. ಹೇಳಿದ ಮಾತು ಮನಸ್ಸಿನಲ್ಲಿ ನಾಟಿತು ಅನ್ನುವುದಕ್ಕೆ ಈ ಹೋಲಿಕೆ. ಇಲ್ಲಿ ಹಸಿ ಅನ್ನುವುದು ಕೊರತೆ ಅಲ್ಲ, ನೋಡಿ. ಅವಕಾಶ. ಬಯಲುಸೀಮೆಯ ರೈತರು 'ಹೊಲದಾಗ ಹಸಿ ಐತಿ' ಅನ್ನುವಾಗಲೂ ಹಾಗೆಯೇ. ಹಿಂಗಾರಿ ಜೋಳಕ್ಕೆ ಆಮೇಲೆ ದೊಡ್ಡ ಮಳೆಯ ಭರವಸೆ ಇಲ್ಲ. ಕಪ್ಪುಮಣ್ಣು ಒಳಗೆ ಹಿಡಿದಿಟ್ಟುಕೊಂಡ ಹಸಿಯಲ್ಲೇ ಬೆಳೆ ದಡ ಸೇರಬೇಕು. ಅಲ್ಲಿ ಹಸಿ ಇದ್ದರೆ ಬದುಕು, ಆರಿದರೆ ಇಲ್ಲ. ಅದೇ ಹಸಿ ಜಾಸ್ತಿಯಾದರೆ ಹಸಿ ಬರ. ನಾನು ಅವತ್ತು ತಿದ್ದಿ ಕೆಡಿಸಿದ್ದು ಇಂಥ ಪದವನ್ನು.

ಮಾತು ಮುಗಿಸಿದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು. "ಸರ್, 'ಇನ್ನೂ' 'ಇನ್ನೂ' ಅಂತೀರಿ. ಒಂದು ವಸ್ತು ಹಸಿ ಅಲ್ಲ ಅಂತ ಆಗೋದು ಯಾವತ್ತು?"

ಒಳ್ಳೆ ಪ್ರಶ್ನೆ. ನನಗೆ ಥಟ್ಟನೆ ನೆನಪಾದದ್ದು ನಮ್ಮ ತಾತನ ಅಟ್ಟ. ತಿಪಟೂರಿನ ಉಂಡೆ ಕೊಬ್ಬರಿ ಹೇಗಾಗುತ್ತದೆ ಅಂತ ಇಲ್ಲಿ ಹಲವರಿಗೆ ಗೊತ್ತು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಹತ್ತು, ಹನ್ನೊಂದು ತಿಂಗಳು ಅದು ಅಲ್ಲೇ ಇರಬೇಕು. ಒಳಗಿನ ನೀರು ತಾನಾಗೇ ಇಂಗಬೇಕು. ಸುಲಿದು ನೋಡುವ ಹಾಗಿಲ್ಲ, ಒಡೆದು ನೋಡುವ ಹಾಗಂತೂ ಇಲ್ಲವೇ ಇಲ್ಲ. ಇರುವುದು ಕಿವಿ ಒಂದೇ. ತಾತ ಏಣಿ ಹತ್ತಿ, ಒಂದು ಕಾಯಿ ತೆಗೆದು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಮೊದಮೊದಲು ಗುಳುಗುಳು ಅಂತ ನೀರಿನ ಸದ್ದು. ಕೊನೆಗೆ, ಕೊಬ್ಬರಿ ಚಿಪ್ಪು ಬಿಟ್ಟ ಮೇಲೆ, ಗಡಗಡ ಅಂತ ಗಿಟುಕಿನ ಸದ್ದು.

ಆದರೆ ನಡುವೆ ಕೆಲವು ಕಾಯಿಗಳಲ್ಲಿ ಎರಡೂ ಇರುತ್ತಿರಲಿಲ್ಲ. ನೀರು ಇಂಗಿದೆ, ಗಿಟುಕು ಇನ್ನೂ ಚಿಪ್ಪು ಬಿಟ್ಟಿಲ್ಲ. ಅಲ್ಲಾಡಿಸಿದರೆ ಸದ್ದೇ ಇಲ್ಲ. ಕೆಳಗೆ ಏಣಿ ಹಿಡಿದು ನಿಂತಿದ್ದ ನಾನು ಕೇಳುತ್ತಿದ್ದೆ, "ತಾತ, ಆಯ್ತಾ?"

ತಾತ ಇನ್ನೊಂದು ಸಲ ಕಿವಿಗೆ ಹಿಡಿದು ನೋಡಿ, ಕಾಯಿಯನ್ನು ತೆಗೆದ ಜಾಗದಲ್ಲೇ ಇಡುತ್ತಿದ್ದರು.

"ಹಸಿ ಕಣ್ಲಾ ಇನ್ನೂ. ಏಣಿ ಗಟ್ಟಿಯಾಗಿ ಹಿಡ್ಕೊ, ಇಳೀತೀನಿ."